ಪಟ್ಟೆಯದೂ ಗೆರೆಯದೂ ಒಂದೇ ಹಾವು: ಸ್ಯಾನ್ ಡಿಯೇಗೋದಲ್ಲಿ ಕಿಂಗ್‌ಸ್ನೇಕ್ ಗುರುತಿಸುವಾಗ

ವಸಂತ ಬಂತೆಂದರೆ ಇಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ ಕನ್ನಡಿಗರ ಚಾರಣದ ವಾಟ್ಸಾಪ್ ಗುಂಪಿನಲ್ಲಿ ಹಾವಿನ ಫೋಟೋಗಳು ಶುರು. ಕಪ್ಪು ಮೈ, ಬಿಳಿ ಪಟ್ಟೆ ಕಂಡರೆ ಸಾಕು, ಯಾರಾದರೂ "ಅಯ್ಯೋ, ಕಟ್ಟುಹಾವು!" ಎನ್ನುತ್ತಾರೆ. ಊರಲ್ಲಿ ಬೆಳೆದವರಿಗೆ ಹಾಗನ್ನಿಸುವುದು ಸಹಜ ಅಲ್ವಾ? ಆದರೆ ಅಮೆರಿಕದ ಕಾಡುಮೇಡಿನಲ್ಲಿ ಕಟ್ಟುಹಾವು ಇಲ್ಲ. ಅದು ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್. ಮನುಷ್ಯರಿಗೆ ಅಪಾಯವಿಲ್ಲ. ನಮ್ಮ ಕಾಳಿಂಗದ ಹಾಗೆ ಬೇರೆ ಹಾವುಗಳನ್ನು ತಿನ್ನುತ್ತದೆ. ರ‍್ಯಾಟಲ್‌ಸ್ನೇಕನ್ನೂ ಬಿಡುವುದಿಲ್ಲ, ಅದರ ವಿಷ ಇದಕ್ಕೆ ಅಷ್ಟಾಗಿ ತಟ್ಟುವುದಿಲ್ಲ.

ನಾನು ಪ್ರಾಣಿಶಾಸ್ತ್ರ ಓದಿದವಳಲ್ಲ, ಚಿಪ್ ಡಿಸೈನ್ ಮಾಡುವವಳು. ಆದರೂ ಈಗ ಆ ಫೋಟೋಗಳೆಲ್ಲ ನನ್ನ ಕಡೆಗೇ ಬರುತ್ತವೆ. ನಾನು ಕೇಳುವ ಮೊದಲ ಪ್ರಶ್ನೆ "ಎಲ್ಲಿ ಸಿಕ್ಕಿತು?" ಬಣ್ಣದ ವಿಚಾರ ಆಮೇಲೆ.

ಯಾಕೆಂದರೆ ಈ ಒಂದು ಕೌಂಟಿಯಲ್ಲೇ (ನಮ್ಮ ಜಿಲ್ಲೆಯ ಹಾಗೆ) ಅದರ ವೇಷ ಬದಲಾಗುತ್ತದೆ. ಕರಾವಳಿಯ ಕಡೆ ಹೆಚ್ಚಾಗಿ ಕಂದು ಮೈ, ಕೆನೆ ಬಣ್ಣದ ಪಟ್ಟೆ. ಬೆಟ್ಟ ದಾಟಿ ಅನ್ಜಾ-ಬೊರೇಗೋ ಮರುಭೂಮಿಗೆ ಇಳಿದರೆ ಕಡುಗಪ್ಪು ಮೈ, ಸುಣ್ಣದಂಥ ಬಿಳಿ ಪಟ್ಟೆ. ಇವೆರಡೂ ಸಾಲದು ಅಂತ ಕರಾವಳಿಯ ಕಡೆಗೇ ಇನ್ನೊಂದು ಬಗೆ ಇದೆ. ಅಡ್ಡ ಪಟ್ಟೆಯೇ ಇಲ್ಲ, ಕತ್ತಿನಿಂದ ಬಾಲದವರೆಗೆ ಬೆನ್ನ ಮೇಲೆ ಉದ್ದಕ್ಕೆ ಒಂದು ಗೆರೆ. ಕೆಲವದರಲ್ಲಿ ಆ ಗೆರೆ ಅಲ್ಲಲ್ಲಿ ತುಂಡಾಗಿರುತ್ತದೆ.

ಒಂದು ಕಾಲದಲ್ಲಿ ತಜ್ಞರೇ ಪಟ್ಟೆಯದನ್ನೂ ಗೆರೆಯದನ್ನೂ ಬೇರೆ ಬೇರೆ ಜಾತಿ ಎಂದು ಲೆಕ್ಕ ಹಾಕಿದ್ದರು. 1930ರ ದಶಕದಲ್ಲಿ ಲಾರೆನ್ಸ್ ಕ್ಲಾಬರ್ ಅದನ್ನು ಬಗೆಹರಿಸಿದರು. ಒಂದೇ ತಾಯಿ ಇಟ್ಟ ಮೊಟ್ಟೆಗಳಿಂದ ಎರಡೂ ಬಗೆಯ ಮರಿಗಳು ಹೊರಬರುತ್ತವೆ ಎಂದು ತೋರಿಸಿಕೊಟ್ಟರು. ಕ್ಲಾಬರ್ ಹೊಟ್ಟೆಪಾಡಿಗೆ ಎಲೆಕ್ಟ್ರಿಕಲ್ ಎಂಜಿನಿಯರ್, ಸ್ಯಾನ್ ಡಿಯೇಗೋದ ವಿದ್ಯುತ್ ಕಂಪನಿಯನ್ನು ನಡೆಸಿದವರು. ನನಗೆ ಅವರ ಮೇಲೆ ಪ್ರೀತಿ ಜಾಸ್ತಿ ಇರುವುದು ಅದಕ್ಕೇ.

ನಾನು ಹಾವನ್ನು ಹಿಡಿಯುವುದಿಲ್ಲ. ಇಲ್ಲಿ ಕಾಡಿನ ಹಾವು ಹಿಡಿಯಲು ಮೀನು ಹಿಡಿಯುವ ಲೈಸೆನ್ಸ್ ಬೇಕು, ತಮಾಷೆಯಲ್ಲ! ಸುಮ್ನೆ ದೂರ ನಿಂತು ಝೂಮ್ ಹಾಕಿ ತೆಗೆಯುತ್ತೇನೆ: ತಲೆ, ಮೈಯ ಒಂದು ಬದಿ, ಬಾಲ. ಪೆನ್ಯಾಸ್ಕಿಟೋಸ್ ಕಣಿವೆಯಲ್ಲಿ ಗೆರೆಯ ಹಾವೊಂದು ಬೆಳಗಿನ ಬಿಸಿಲಿಗೆ ದಾರಿ ದಾಟುತ್ತಿತ್ತು. ಹುರುಪೆಗಳ ಮೇಲೆ ಏಣು, ಅಂದರೆ ಉದ್ದಕ್ಕೆ ಎದ್ದ ಗೀರು, ಇರಲಿಲ್ಲ, ಮೈ ಎಣ್ಣೆ ಹಚ್ಚಿದಂತೆ ಮಿರಿಮಿರಿ. ತುಟಿಯ ಹುರುಪೆಗಳು ತಿಳಿ ಬಣ್ಣ, ಒಂದೊಂದರ ಅಂಚಿಗೂ ಕಂದು ಗೀಟು. ಇಲ್ಲಿ ಜಾಸ್ತಿ ಸಿಗುವ ಗೋಫರ್ ಹಾವಿನ ಹುರುಪೆಗೆ ಏಣು ಇರುತ್ತದೆ. ಅದು ಮಂಕಾಗಿ ಕಾಣುತ್ತದೆ. ಹಾಗಾಗಿ ಅದರ ಗೊಂದಲ ಬೇಗ ಮುಗಿಯುತ್ತದೆ.

ಪೇಚಾಟ ಇರುವುದು ಉದ್ದ ಮೂತಿಯ ಲಾಂಗ್‌ನೋಸ್ಡ್ ಹಾವಿನ ಜೊತೆ. ದೊಡ್ಡದಾದರೆ ಪಟ್ಟೆಗಳ ನಡುವೆ ಕೆಂಪು ಛಾಯೆ, ಬದಿಯಲ್ಲಿ ಚುಕ್ಕೆ ಸಾಕಷ್ಟು ಇರುತ್ತವೆ. ಮರಿಯಲ್ಲಿ ಅವು ಕಡಿಮೆ, ಥೇಟ್ ಕಿಂಗ್‌ಸ್ನೇಕ್. ಆಗ ಬಾಲದ ಅಡಿ ನೋಡಬೇಕು. ಕಿಂಗ್‌ಸ್ನೇಕಿಗೆ ಅಲ್ಲಿ ಹುರುಪೆಗಳು ಎರಡು ಸಾಲು. ಲಾಂಗ್‌ನೋಸ್ಡ್‌ಗೆ ಬಹುಪಾಲು ಒಂದೇ ಸಾಲು. ಬಾಲದ ಅಡಿ ಕಾಣುವ ಫೋಟೋ ಯಾರೂ ಕಳಿಸುವುದಿಲ್ಲ ಅನ್ನುವುದು ಬೇರೆ ಮಾತು.

ಬಣ್ಣವನ್ನು ಮಾತ್ರ ನಂಬಿದರೆ ಸಾಕುವವರ ಮನೆಯಿಂದ ತಪ್ಪಿಸಿಕೊಂಡ ಹಾವು ದಾರಿ ತಪ್ಪಿಸುತ್ತದೆ. ಸ್ಪೇನಿನ ಗ್ರಾನ್ ಕನೇರಿಯಾ ದ್ವೀಪದಲ್ಲಿ ಇದೇ ಕಿಂಗ್‌ಸ್ನೇಕಿನ ಗೆರೆಯ ಹಾವು, ಬಿಳಿಚಿಕೊಂಡ ಆಲ್ಬಿನೋ ಹಾವು ಎರಡೂ ಈಗ ಕಾಡಿನಲ್ಲೇ ಮರಿ ಮಾಡುತ್ತಿವೆ. ಎಲ್ಲ ಸಾಕುಪ್ರಾಣಿ ವ್ಯಾಪಾರದ ಫಲ. ಅಲ್ಲಿನ ಹಲ್ಲಿಗಳನ್ನು ತಿಂದು ಖಾಲಿ ಮಾಡುತ್ತಿವೆ. ಹಾಗಾಗಿ ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಆಲ್ಬಿನೋ ಸಿಕ್ಕಾಗ ಅದನ್ನು ಇಲ್ಲಿನ ಕಾಡುಹಾವಿನ ಪಟ್ಟಿಗೆ ಸೇರಿಸಲಿಲ್ಲ.

ನೆಲೆಯ ಅಂಚಿನಲ್ಲಿ ಇನ್ನೂ ಕಷ್ಟ. ಕ್ಯಾಲಿಫೋರ್ನಿಯಾದ್ದು ಅರಿಜೋನಾದವರೆಗೂ ಹರಡಿದೆ. ಆ ರಾಜ್ಯದ ಆಗ್ನೇಯ ಮೂಲೆಗೆ ಹೋದರೆ ಡೆಸರ್ಟ್ ಕಿಂಗ್‌ಸ್ನೇಕ್ ಶುರು: ಬೆನ್ನ ಮೇಲೆ ಕಪ್ಪು ಮಚ್ಚೆ, ನಡುವೆ ಸಣ್ಣ ಹಳದಿ ಪಟ್ಟಿ, ಬದಿಯಲ್ಲೆಲ್ಲ ಚುಕ್ಕೆ. ಎರಡೂ ಸೇರುವ ಕಡೆ ಬೆರಕೆ. ಮೊದಲು ಇವೆಲ್ಲ ಒಂದೇ ಜಾತಿಯ ಉಪಜಾತಿಗಳಾಗಿದ್ದವು. 2009ರಲ್ಲಿ ಡಿಎನ್‌ಎ ನೋಡಿ ಐದು ಜಾತಿ ಮಾಡಿದರು. ಹಾವುಗಳು ಮಾತ್ರ ಆ ಗಡಿಯನ್ನು ಲೆಕ್ಕಕ್ಕಿಟ್ಟಿಲ್ಲ.

ಆಸ್ಟಿನ್‌ನ ಗೆಳತಿ ಕಳಿಸಿದ ಹಾವು ಹಾಗೇ ಇತ್ತು. ಟೆಕ್ಸಾಸ್‌ನ ಪೂರ್ವಕ್ಕೆ ಮೈತುಂಬ ಚುಕ್ಕೆಯ ಸ್ಪೆಕಲ್ಡ್ ಕಿಂಗ್‌ಸ್ನೇಕ್, ಪಶ್ಚಿಮಕ್ಕೆ ಡೆಸರ್ಟ್, ನಡುವೆ ಎರಡರ ಲಕ್ಷಣವೂ ಇರುವವು. "ಎರಡರ ಮಧ್ಯದ್ದು, ಕೌಂಟಿ ಹೆಸರು ಬರೆದಿಟ್ಟುಕೋ" ಎಂದೆ.

"ಒಂದು ಹೆಸರು ಹೇಳೇ ಮಾರಾಯ್ತಿ, ಮಗಳ ಸ್ಕೂಲ್ ಪ್ರಾಜೆಕ್ಟಿಗೆ ಬೇಕು" ಎಂದಳು.

ಎರಡು ಹೆಸರು ಕೊಟ್ಟೆ, ಮಧ್ಯೆ ಬೆರಕೆಯ ಗುರುತಾಗಿ ಒಂದು ಗುಣಾಕಾರದ ಚಿಹ್ನೆ ಹಾಕಿ.