ಇದ್ದಿಲು ಮೊದಲು ಕಾಂಪೋಸ್ಟಿಗೆ, ಆಮೇಲೆ ಮಣ್ಣಿಗೆ

ಬಯೋಚಾರ್, ಅಂದರೆ ಮಣ್ಣಿಗೆ ಸೇರಿಸಲೆಂದೇ ಮಾಡುವ ಇದ್ದಿಲು, ಹಾಕಿದರೆ ಮಣ್ಣು ಸುಧಾರಿಸುತ್ತದೆ ಅಂತ ಎಲ್ಲೋ ಓದಿರುತ್ತಾರೆ. ಓದಿದವರು ಕಟ್ಟಿಗೆ ಸುಟ್ಟು, ಇದ್ದಿಲು ಕುಟ್ಟಿ, ನೇರವಾಗಿ ಗಿಡದ ಬುಡಕ್ಕೆ ಸುರಿಯುತ್ತಾರೆ. ಕೆಲವು ವಾರಕ್ಕೆ ಎಲೆ ಹಳದಿಯಾಗುತ್ತದೆ. "ಇದೆಲ್ಲ ಬರೀ ಪ್ರಚಾರ" ಅಂತ ಕೈಬಿಡುತ್ತಾರೆ. ಹೀಗೆ ಕೆಡಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಇದ್ದಿಲು ಕೆಟ್ಟದ್ದಲ್ಲ. ಆದರೆ ಅದು ಹಸಿದಿರುತ್ತದೆ. ಅದರ ಸಣ್ಣ ರಂಧ್ರಗಳೆಲ್ಲ ಖಾಲಿ. ಹಾಗೇ ಮಣ್ಣಿಗೆ ಬಿಟ್ಟರೆ ಗಿಡಕ್ಕೆ ಸಿಗಬೇಕಾದ ಸಾರಜನಕವನ್ನೇ ಮೊದಲು ಹಿಡಿದಿಟ್ಟುಕೊಳ್ಳುತ್ತದೆ.

ಇದು ನನ್ನ ಊಹೆಯಲ್ಲ. 2015ರಲ್ಲಿ 'ಸೈಂಟಿಫಿಕ್ ರಿಪೋರ್ಟ್ಸ್' ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದಲ್ಲಿ ಬಡ ಮರಳು ಮಣ್ಣಿಗೆ ತೂಕದ 2 ಶೇಕಡಾ ಬಯೋಚಾರ್ ಸೇರಿಸಿ ಕಿನೊವಾ ಎಂಬ ಧಾನ್ಯದ ಗಿಡ ಬೆಳೆದರು. ಬರೀ ಬಯೋಚಾರ್ ಹಾಕಿದ ಕುಂಡಗಳಲ್ಲಿ ಗಿಡದ ತೂಕ, ಏನೂ ಹಾಕದ ಕುಂಡಗಳಿಗೆ ಹೋಲಿಸಿದರೆ 60 ಶೇಕಡಾಕ್ಕೆ ಇಳಿಯಿತು. ಕಾಂಪೋಸ್ಟ್ ರಾಶಿಯೊಳಗೆ ಹಣ್ಣಾಗಿ ಬಂದ ಬಯೋಚಾರ್ ಹಾಕಿದಲ್ಲಿ 305 ಶೇಕಡಾವರೆಗೆ ಏರಿತು. ಅಮೆಜಾನ್ ಕಾಡಿನ ಹೆಸರಾಂತ ಕಪ್ಪು ಮಣ್ಣು 'ಟೆರ್ರಾ ಪ್ರೆಟಾ' ಕೂಡ ಬರೀ ಇದ್ದಿಲಿನಿಂದ ಆದದ್ದಲ್ಲ. ಇದ್ದಿಲಿನ ಜೊತೆ ಅಡುಗೆ ಕಸ, ಮೂಳೆ, ಮಲಮೂತ್ರ, ಮಡಕೆ ಚೂರು ಎಲ್ಲ ಸೇರಿಯೇ ಅದು ಆಗಿದ್ದು.

ಸರಿ, ಈಗ ಕೆಲಸಕ್ಕೆ ಬರೋಣ.

ಮೊದಲು ಮಣ್ಣಿನ ಪಿಎಚ್ (ಹುಳಿಯೋ ಕ್ಷಾರವೋ ಎಂಬ ಅಳತೆ) ನೋಡಿ

ಕಟ್ಟಿಗೆಯ ಬಯೋಚಾರ್ ಸಾಮಾನ್ಯವಾಗಿ ಕ್ಷಾರೀಯ. ಹುಳಿ ಮಣ್ಣಿಗೆ ಅದು ಸುಣ್ಣದ ಕೆಲಸವನ್ನೂ ಮಾಡುತ್ತದೆ. ನಿಮ್ಮ ಮಣ್ಣು ಆಗಲೇ ಕ್ಷಾರೀಯವಾಗಿದ್ದರೆ ಈ ಲೇಖನ ಇಲ್ಲಿಗೇ ನಿಲ್ಲಿಸಿ, ಕಾಂಪೋಸ್ಟ್ ಮಾತ್ರ ಹಾಕಿ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಮಾಡಿದ ಒಂದು ವಿಶ್ಲೇಷಣೆ ಹೇಳಿದ್ದು ಇದು: ಉಷ್ಣವಲಯದಲ್ಲಿ ಬಯೋಚಾರ್‌ನಿಂದ ಇಳುವರಿ ಸರಾಸರಿ 25 ಶೇಕಡಾ ಹೆಚ್ಚಿತು, ಸಮಶೀತೋಷ್ಣ ವಲಯದಲ್ಲಿ ಸರಾಸರಿ ಲೆಕ್ಕಕ್ಕೆ ಏನೂ ಹೆಚ್ಚಲಿಲ್ಲ. ಹುಳಿಯಾದ, ಸಾರ ಕಡಿಮೆಯಿರುವ ಮಣ್ಣಿಗೇ ಇದರ ಲಾಭ ಜಾಸ್ತಿ.

ಸುಡುವುದು

ಚೆನ್ನಾಗಿ ಒಣಗಿದ ಕೊಂಬೆ, ಬಿದಿರು, ಜೋಳದ ದಿಂಡು, ಯಾವುದಾದರೂ ಆದೀತು. ಬಣ್ಣ ಬಳಿದ ಮರ, ಪ್ಲೈವುಡ್, ಔಷಧಿ ಹೊಡೆದ ಹಲಗೆ ಬೇಡವೇ ಬೇಡ.

ಮೇಲೆ ಅಗಲ, ತಳ ಕಿರಿದಾಗಿರುವಂತೆ ಇಳಿಜಾರು ಗೋಡೆಯ ಗುಂಡಿ ತೆಗೆಯಿರಿ. ತಳದಲ್ಲಿ ಸಣ್ಣ ಕಡ್ಡಿ ಪೇರಿಸಿ, ಮೇಲಿನಿಂದ ಬೆಂಕಿ ಹಚ್ಚಿ. ಕೆಂಡದ ಮೇಲೆ ಬಿಳಿ ಬೂದಿ ಕಾಣಿಸಿಕೊಳ್ಳುತ್ತಿದ್ದ ಹಾಗೆ ಮುಂದಿನ ತೆಳು ಪದರ ಹಾಕಿ. ಮೇಲಿನ ಜ್ವಾಲೆ ಗಾಳಿಯಲ್ಲಿನ ಆಮ್ಲಜನಕವನ್ನು ತಾನೇ ಬಳಸಿಕೊಳ್ಳುತ್ತದೆ. ಹಾಗಾಗಿ ಕೆಳಗಿನದು ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ. 2014ರಲ್ಲಿ ರೂಪುಗೊಂಡ 'ಕೋನ್-ಟಿಕಿ' ಎಂಬ ಕಬ್ಬಿಣದ ಒಲೆ ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ಹೊಗೆ ದಟ್ಟವಾಗಿ ಬರುತ್ತಿದ್ದರೆ ಕಟ್ಟಿಗೆ ಹಸಿ ಇದೆ, ಇಲ್ಲವೇ ಒಂದೇ ಸಲ ಜಾಸ್ತಿ ತುರುಕಿದ್ದೀರಿ.

ಗುಂಡಿ ತುಂಬಿದ ಮೇಲೆ ನೀರು ಸುರಿದು ಪೂರ್ತಿ ಆರಿಸಿ. "ಆರಿದೆ" ಅನ್ನಿಸಿದ ಮೇಲೂ ಇನ್ನೊಂದಿಷ್ಟು ಸುರಿಯಿರಿ. ಒಳಗೆ ಅಡಗಿದ ಒಂದು ಕೆಂಡ ಇಡೀ ರಾಶಿಯನ್ನು ರಾತ್ರೋರಾತ್ರಿ ಬೂದಿ ಮಾಡಿಬಿಡುತ್ತದೆ.

ಇದ್ದಿಲು ಸರಿಯಾಗಿದೆಯೋ ಇಲ್ಲವೋ ಅಂತ ಕೈಯಲ್ಲೇ ಗೊತ್ತಾಗುತ್ತದೆ. ಬೆರಳಲ್ಲಿ ಉಜ್ಜಿ ನೀರಲ್ಲಿ ತೊಳೆಯಿರಿ. ಬರೀ ನೀರಿಗೆ ಹೋದರೆ ಒಳ್ಳೆಯದು. ಜಿಡ್ಡು ಜಿಡ್ಡಾಗಿ ಸೋಪು ಬೇಕಾದರೆ ಸರಿಯಾಗಿ ಬೆಂದಿಲ್ಲ, ಟಾರ್ ಉಳಿದಿದೆ.

ಕೊಂಡು ತರುವವರಿಗೆ ಒಂದು ಮಾತು. ಒಲೆಗೆಂದು ಮಾರುವ ಇದ್ದಿಲು ಬಿಲ್ಲೆ ತರಬೇಡಿ, ಅದರಲ್ಲಿ ಅಂಟು, ಬೇರೆ ಪುಡಿ ಸೇರಿರುತ್ತದೆ. ಬಾಯ್ಲರ್ ಬೂದಿಯನ್ನು ಚೀಲಕ್ಕೆ ತುಂಬಿ ಬಯೋಚಾರ್ ಅಂತ ಮಾರುವವರೂ ಇದ್ದಾರೆ. ಕಪ್ಪಿರಬೇಕಾದದ್ದು ಬೂದು ಬಣ್ಣಕ್ಕಿದ್ದರೆ ವಾಪಸ್ ಕೊಡಿ. ಪ್ರಯೋಗಾಲಯದ ವರದಿ ಕೊಡುವ ಕಂಪನಿಯಾದರೆ ಹೈಡ್ರೋಜನ್-ಇಂಗಾಲದ ಅನುಪಾತ (ಪರಮಾಣುಗಳ ಲೆಕ್ಕದಲ್ಲಿ) 0.7ಕ್ಕಿಂತ ಕಡಿಮೆ ಇದೆಯಾ ನೋಡಿ, ಚೆನ್ನಾಗಿ ಬೆಂದಿದೆ ಅನ್ನುವುದಕ್ಕೆ ಅದು ಗುರುತು.

ಕುಟ್ಟುವುದು

ಒದ್ದೆ ಇರುವಾಗಲೇ ಚೀಲಕ್ಕೆ ತುಂಬಿ ಕುಟ್ಟಿ. ಒಣ ಪುಡಿಯ ಧೂಳು ಶ್ವಾಸಕೋಶಕ್ಕೆ ಹಾನಿ. ಕಡಲೆಕಾಳಿನ ಗಾತ್ರಕ್ಕೆ ಬಂದರೆ ಸಾಕು.

ಕಾಂಪೋಸ್ಟಿಗೆ ಸೇರಿಸುವುದು: ಎಲ್ಲರೂ ಎಡವುವ ಜಾಗ

ಇದ್ದಿಲನ್ನು ರಾಶಿ ಹಾಕುವ ಮೊದಲ ದಿನವೇ ಸೇರಿಸಬೇಕು. ಕೊನೆಯಲ್ಲಿ ಮೇಲೆ ಉದುರಿಸಿದರೆ ಅರ್ಧ ಲಾಭವೂ ಇಲ್ಲ. ರಾಶಿ ಬಿಸಿಯಾಗುವ ಮೊದಲ ಕೆಲವು ದಿನಗಳಲ್ಲೇ ಸಾರಜನಕ ಅಮೋನಿಯಾ ಆಗಿ ಹಾರಿಹೋಗುವುದು ಜಾಸ್ತಿ. ಅದನ್ನು ಹಿಡಿಯಲು ಇದ್ದಿಲು ಆಗ ಒಳಗಿರಬೇಕು.

ಪ್ರಮಾಣ: ಹತ್ತು ಬುಟ್ಟಿ ಕಚ್ಚಾ ವಸ್ತುವಿಗೆ ಒಂದು ಬುಟ್ಟಿ ಇದ್ದಿಲು. ಎರಡು ಬುಟ್ಟಿ ದಾಟಬೇಡಿ. ಜಾಸ್ತಿಯಾದರೆ ಹಣ್ಣಾಗಲು ಬೇಕಾದ ಹಸಿ ಪದಾರ್ಥದ ಪಾಲು ಕಡಿಮೆಯಾಗುತ್ತದೆ.

ಇಲ್ಲೇ ಓದಿಕೊಂಡವರೂ ಲೆಕ್ಕ ತಪ್ಪುತ್ತಾರೆ. ಕಾಂಪೋಸ್ಟಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇರಬೇಕು ಅಂತ ಗೊತ್ತಿರುತ್ತದೆ. ಇದ್ದಿಲು ಅಂದರೆ ಇಂಗಾಲ ಅಲ್ವಾ, ಒಣ ಎಲೆ ಕಡಿಮೆ ಮಾಡೋಣ ಅಂತ ಲೆಕ್ಕ ಹಾಕುತ್ತಾರೆ. ತಪ್ಪು. ಇದ್ದಿಲಿನ ಇಂಗಾಲ ಸುಲಭಕ್ಕೆ ಕೊಳೆಯುವುದಿಲ್ಲ, ಸೂಕ್ಷ್ಮಜೀವಿಗಳಿಗೆ ಅದು ಊಟವಲ್ಲ. ಅದನ್ನು ಲೆಕ್ಕದಿಂದಲೇ ಬಿಡಿ. ಒಣ ಎಲೆ, ಹುಲ್ಲು, ಸಗಣಿ, ಹಸಿ ಕಸ ಎಲ್ಲ ಯಾವತ್ತಿನಷ್ಟೇ ಇರಲಿ. ಇದ್ದಿಲು ಅದರ ಮೇಲೆ ಹೆಚ್ಚುವರಿ.

ಇನ್ನೊಂದು ತಪ್ಪು ಒಣ ಇದ್ದಿಲು ಹಾಕುವುದು. ಅದು ರಾಶಿಯ ನೀರನ್ನೆಲ್ಲ ಹೀರಿ, ಬಿಸಿಯಾಗಬೇಕಾದ ರಾಶಿ ತಣ್ಣಗೆ ಕೂರುತ್ತದೆ. ಹಿಂದಿನ ರಾತ್ರಿಯೇ ಸಗಣಿ ನೀರಿನಲ್ಲೋ ನೀರು ಬೆರೆಸಿದ ಗಂಜಲದಲ್ಲೋ ನೆನೆಹಾಕಿ. ಎರೆಹುಳು ಗೊಬ್ಬರ ಮಾಡುವವರಂತೂ ಇದನ್ನು ತಪ್ಪಿಸಬಾರದು. ಒಣ ಬಯೋಚಾರ್ ಇರುವ ಮಣ್ಣಿನಿಂದ ಎರೆಹುಳು ದೂರ ಹೋಗುತ್ತವೆ, ನೆನೆಸಿದರೆ ಆ ತೊಂದರೆ ಇರುವುದಿಲ್ಲ ಅಂತ ಪ್ರಯೋಗದಲ್ಲೇ ಕಂಡಿದ್ದಾರೆ.

ಪದರವಾಗಿ ಹರಡಬೇಡಿ, ಕಲಸಿ. ಕಪ್ಪು ಪಟ್ಟಿಯಾಗಿ ಒಂದೇ ಕಡೆ ಕೂತ ಇದ್ದಿಲಿಗೆ ಏನೂ ಅಂಟುವುದಿಲ್ಲ. ರಾಶಿ ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಆದರೂ ಇರಲಿ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಅಲ್ಲ. ಒಳಗಿನ ಬಿಸಿ 55 ಡಿಗ್ರಿ ದಾಟಬೇಕು, ಇಳಿಯುತ್ತಿದ್ದ ಹಾಗೆ ಮಗುಚಿ. ಮೂಗಿಗೆ ಅಮೋನಿಯಾ ಹೊಡೆದರೆ ಒಣ ಎಲೆ ಸೇರಿಸಿ.

ಒಳಗೆ ಏನಾಗುತ್ತದೆ ಅನ್ನುವುದು ಈಚಿನ ಸಂಶೋಧನೆಯ ಕುತೂಹಲದ ಭಾಗ. ಕಾಂಪೋಸ್ಟ್ ಜೊತೆ ಹಣ್ಣಾದ ಇದ್ದಿಲಿನ ಮೈಮೇಲೆ, ರಂಧ್ರಗಳ ಒಳಗೋಡೆಯ ಮೇಲೆ ತೆಳುವಾದ ಸಾವಯವ ಲೇಪ ಕೂರುತ್ತದೆ ಅಂತ 2017ರಲ್ಲಿ ಸೂಕ್ಷ್ಮದರ್ಶಕದಿಂದ ತೋರಿಸಿದರು. ನೀರು ಮತ್ತು ಪೋಷಕಾಂಶ ಹಿಡಿದಿಟ್ಟುಕೊಳ್ಳಲು ಈ ಲೇಪವೇ ನೆರವಾಗುತ್ತದೆ. ಇದು ಕೂರಲು ಸಮಯ ಬೇಕು. ಎರಡು ಮೂರು ತಿಂಗಳಾದರೂ ಬಿಡಿ.

ಅವಸರದವರಿಗೆ ಅಡ್ಡದಾರಿ ಇದೆ. ಹಣ್ಣಾದ ಕಾಂಪೋಸ್ಟಿಗೆ ನೆನೆಸಿದ ಇದ್ದಿಲು ಕಲಸಿ, ತೇವ ಆರದಂತೆ ಒಂದು ತಿಂಗಳು ಮುಚ್ಚಿಡುವುದು. ನೇರವಾಗಿ ಹಾಕುವುದಕ್ಕಿಂತ ವಾಸಿ, ಅಷ್ಟೇ. ಯೂರಿಯಾ ನೀರಲ್ಲಿ ಅದ್ದಿ ತೆಗೆದು ಮರುದಿನವೇ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮಣ್ಣಿಗೆ ಹಾಕುವುದು

ಹೊಲದ ತುಂಬ ಎರಚಬೇಡಿ. ಮೊದಮೊದಲು ಸಂಶೋಧಕರೂ ಹೆಕ್ಟೇರಿಗೆ ಹತ್ತಾರು ಟನ್ ಸುರಿದು ನೋಡುತ್ತಿದ್ದರು. ಅಷ್ಟು ಇದ್ದಿಲು ಯಾರ ಹತ್ತಿರ ಇರುತ್ತದೆ? ಈಗ ಕಡಿಮೆ ಪ್ರಮಾಣವನ್ನು ಬೇರಿನ ಹತ್ತಿರವೇ ಕೊಡುವುದರ ಕಡೆ ಒಲವು ಜಾಸ್ತಿಯಾಗಿದೆ. ನೇಪಾಳದಲ್ಲಿ ಕುಂಬಳದ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೆಕ್ಟೇರಿಗೆ ಬರೀ 750 ಕಿಲೋ ಬಯೋಚಾರ್ ಬಳಸಿದರು. ಗಂಜಲದಲ್ಲಿ ನೆನೆಸಿ ಬೇರಿನ ವಲಯಕ್ಕೆ ಹಾಕಿದ್ದರಿಂದ, ಬರೀ ಗಂಜಲ ಹಾಕಿದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಇಳುವರಿ ಬಂತು. ನೀವೂ ನಾಟಿ ಗುಂಡಿಗೆ, ಸಾಲಿಗೆ ಮಾತ್ರ ಹಾಕಿ, ಮಣ್ಣು ಮುಚ್ಚಿ.

ಇದ್ದಿಲು ಮಣ್ಣಿನಲ್ಲಿ ನೂರಾರು ವರ್ಷ ಉಳಿಯುತ್ತದೆ, ಪ್ರತಿ ವರ್ಷ ಹಾಕಬೇಕಿಲ್ಲ. ಕಾಂಪೋಸ್ಟ್ ಮಾತ್ರ ಹಾಕುತ್ತಲೇ ಇರಬೇಕು. ಮಣ್ಣಿಗೆ ಕಳೆನಾಶಕ ಹೊಡೆಯುವವರು ಗಮನಿಸಿ, ಬಯೋಚಾರ್ ಅದನ್ನೂ ಹೀರಿಕೊಂಡು ಅದರ ಕೆಲಸ ಕುಂದಿಸಬಹುದು.

ಫಲ ನೋಡಬೇಕಿದ್ದರೆ ಮೂರು ಮಡಿ ಮಾಡಿ. ಒಂದಕ್ಕೆ ಏನೂ ಬೇಡ, ಇನ್ನೊಂದಕ್ಕೆ ಬರೀ ಕಾಂಪೋಸ್ಟ್, ಮೂರನೆಯದಕ್ಕೆ ಇದ್ದಿಲು ಸೇರಿದ ಕಾಂಪೋಸ್ಟ್, ಕಾಂಪೋಸ್ಟಿನ ಪ್ರಮಾಣ ಎರಡಕ್ಕೂ ಒಂದೇ. ತುಂಬಾ ಜನ ನಡುವಿನ ಮಡಿ ಬಿಟ್ಟುಬಿಡುತ್ತಾರೆ. ಆಗ ಕಾಂಪೋಸ್ಟಿನ ಫಲವೆಲ್ಲ ಇದ್ದಿಲಿನ ಹೆಸರಿಗೆ ಹೋಗುತ್ತದೆ. ಎರಡು ಮೂರು ಬೆಳೆ ನೋಡಿ. ಎರಡನೇ ಮಡಿಗೂ ಮೂರನೇ ಮಡಿಗೂ ವ್ಯತ್ಯಾಸವೇ ಕಾಣದಿದ್ದರೆ ನಿಮ್ಮ ಮಣ್ಣಿಗೆ ಇದ್ದಿಲು ಬೇಕಿಲ್ಲ. ಸುಮ್ನೆ ಬೆಂಕಿ ಮುಂದೆ ಬೇಯುವ ಬದಲು ಇನ್ನೊಂದು ಕಾಂಪೋಸ್ಟ್ ರಾಶಿ ಹಾಕಿ.