ಕೊಡುವ ಮೊದಲು ಅವರ ಬಾಲ್ಕನಿ ನೋಡಿ

ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ಹದಿನಾಲ್ಕು ವರ್ಷವಾಯಿತು. ಹೊರಡುವಾಗ ‘ಯಾರಿಗಾದರೂ ಕೊಡೋಕೆ ಆಗುತ್ತೆ’ ಅಂತ ಕುಂಕುಮದ ಭರಣಿ, ಗಂಧದ ಊದುಬತ್ತಿ ಸೂಟ್‌ಕೇಸಿನ ಮೂಲೆಮೂಲೆಗೂ ತುಂಬಿಕೊಂಡಿದ್ದೆ. ನೀವೂ ತಂದಿರುತ್ತೀರಿ.

ಕೆಳಗಿನ ಮನೆಯ ಅಜ್ಜಿ ಮೊದಲ ಸಲ ಕಾಫಿಗೆ ಕರೆದಾಗ ಊದುಬತ್ತಿ ಕೊಟ್ಟೆ. ಅವರಿಗೆ ಉಬ್ಬಸ. ನಾಲ್ಕು ತಿಂಗಳಿಂದ ಮೆಟ್ಟಿಲ ಮೇಲೆ ಅವರ ಕೆಮ್ಮು ಕೇಳುತ್ತಲೇ ಇದ್ದೆ, ಹೊಳೆಯಲೇ ಇಲ್ಲ! ಅವರ ಬಾಲ್ಕನಿ ತುಂಬ ಟೊಮೆಟೊ, ಪುದೀನ. ಮುಂದಿನ ಬೇಸಿಗೆಗೆ ನಾನೇ ಬೆಳೆಸಿದ ಮೆಣಸಿನ ಸಸಿ ಕೊಟ್ಟೆ. ಕಾಯಿ ಬಿಟ್ಟಾಗಲೆಲ್ಲ ಬಾಗಿಲು ತಟ್ಟಿ ತೋರಿಸುತ್ತಿದ್ದರು.

ಹೂ ಒಯ್ಯುವಾಗಲೂ ಜೋಪಾನ. ನಮಗೆ ಸೇವಂತಿಗೆ ಎಂದರೆ ಹಬ್ಬ. ಇಲ್ಲಿ ನವೆಂಬರ್ 1ರ ಸುಮಾರಿಗೆ ಸಮಾಧಿಗಳ ಮೇಲಿಡುವ ಹೂ. ಹುಟ್ಟುಹಬ್ಬದ ಶುಭಾಶಯವನ್ನು ಒಂದು ದಿನ ಮುಂಚೆಯೂ ಹೇಳಬೇಡಿ, ಅಪಶಕುನ ಅನ್ನುತ್ತಾರೆ. ಊರಿಂದ ಪಾರ್ಸೆಲ್ ತರಿಸಿದರೆ 45 ಯೂರೋವರೆಗಿನ ಖಾಸಗಿ ಉಡುಗೊರೆಗೆ ಸುಂಕವಿಲ್ಲ, ಕಸ್ಟಮ್ಸ್ ಚೀಟಿಯನ್ನು ಸರಿಯಾಗಿ ಬರೆಸಿ.

ಮಕ್ಕಳ ವಿಷಯದಲ್ಲಿ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಇಲ್ಲಿ ಹುಟ್ಟುಹಬ್ಬದ ಮಗು ಆಟಿಕೆ ಅಂಗಡಿಗೆ ಹೋಗಿ ತನಗೆ ಬೇಕಾದ್ದನ್ನು ಆರಿಸಿ, ತನ್ನ ಹೆಸರಿನ ಪೆಟ್ಟಿಗೆಯಲ್ಲಿಟ್ಟು ಬರುವ ರೂಢಿಯಿದೆ. ಗೆಬುರ್ಟ್ಸ್‌ಟಾಗ್ಸ್‌ಕಿಸ್ಟೆ ಅನ್ನುತ್ತಾರೆ. ಹುಟ್ಟುಹಬ್ಬಕ್ಕೆ ಹೋಗುವವರು ಅದರಿಂದಲೇ ಒಂದನ್ನು ಕೊಂಡು ಒಯ್ಯುತ್ತಾರೆ. ಬೇಕಾದ್ದನ್ನು ಹೀಗೆ ಕೇಳಿ ಪಡೆಯುವುದೇ? ನನಗೆ ಸಿಟ್ಟು ಬಂತು. ಮಗಳ ಜೊತೆ ಓದುವ ಒಂಬತ್ತು ವರ್ಷದ ಹುಡುಗನಿಗೆ ಚನ್ನಪಟ್ಟಣದ ಕುದುರೆ ಕೊಡಿಸಿದೆ. ಅರಗಿನ ಬಣ್ಣದ ಆ ಹೊಳಪು ನನ್ನ ಬಾಲ್ಯದ್ದು, ಅವನದಲ್ಲ. ದಾರಿಯುದ್ದಕ್ಕೂ ಮಗಳು ಅತ್ತಳು: “ಅಮ್ಮ, ಅವನ ಪೆಟ್ಟಿಗೇಲಿ ಕುದುರೆ ಇರ್ಲೇ ಇಲ್ಲ.”

ನನ್ನಮ್ಮ ನನ್ನನ್ನು ಯಾವತ್ತೂ ಕೇಳಿದವಳಲ್ಲ. ಜವಳಿ ಅಂಗಡಿಯಲ್ಲಿ ನನ್ನ ಕಣ್ಣು ಎಲ್ಲಿ ನಿಂತಿತೆಂದು ನೋಡಿಕೊಂಡಿರುತ್ತಿದ್ದಳು. ಮೊಮ್ಮಗಳ ಕಣ್ಣು ಎಲ್ಲಿ ನಿಲ್ಲುತ್ತದೆಂದು ಹಾಸನದಲ್ಲಿ ಕೂತು ಅವಳಿಗೆ ಹೇಗೆ ಗೊತ್ತಾಗಬೇಕು? ಪ್ರತಿ ದೀಪಾವಳಿಗೂ ಅವಳು ಕಳಿಸುವ ಲಂಗ ಹೋದ ವರ್ಷದ ಅಳತೆಯದು, ಬಣ್ಣ ನನಗಿಷ್ಟದ ಗುಲಾಬಿ. ಹಾಗೇ ಮಡಚಿ ಎತ್ತಿಡುತ್ತಿದ್ದೆ, ಅಮ್ಮನಿಗೆ ಹೇಳಲು ಬಾಯಿ ಬರುತ್ತಿರಲಿಲ್ಲ.

ಈ ಸಲ ಫೋನನ್ನು ಮಗಳ ಕೈಗೇ ಕೊಟ್ಟೆ. “ಕಡು ಹಸಿರು, ಅಜ್ಜಿ. ಜೇಬು ಇರ್ಬೇಕು,” ಅಂದಳು. ರೇಷ್ಮೆ ಲಂಗಕ್ಕೆ ಜೇಬೇ ಅಂತ ಟೈಲರ್ ತಕರಾರು ಮಾಡಿದನಂತೆ. ಅಮ್ಮ ಪಕ್ಕದಲ್ಲೇ ಕೂತು ಎರಡು ಜೇಬು ಹೊಲಿಸಿದ್ದಾಳೆ.