ರಾಟ್ ಐರನ್ ಸರಳಲ್ಲಿ ಕಾಲುಸಂಕ ಕಟ್ಟಿದ್ದು

"ವೈರ್ ರೋಪ್ ತಂದು ಕ್ಲಾಂಪ್ ಹಾಕೋ ಮಾರಾಯ, ಕುಲುಮೆ ಯಾಕೆ" ಅಂತ ಕೊಪ್ಪದ ದೋಸ್ತ ಪ್ರತಿ ವಿಡಿಯೋ ಕಾಲಲ್ಲೂ ನಗ್ತಿದ್ದ. ನಾನಿರೋದು ಸ್ಕಾಟ್ಲೆಂಡಲ್ಲಿ, ಟ್ವೀಡ್ ನದಿ ಸೀಮೆ. ಹಿತ್ತಲ ಹಳ್ಳಕ್ಕೆ 16 ಅಡಿ ಸಂಕ ಬೇಕಿತ್ತು, ಇಲ್ಲೇ ಡ್ರೈಬರಾ ಅನ್ನೋ ಊರಲ್ಲಿ 1817ರಲ್ಲಿ ಟ್ವೀಡ್ ಮೇಲೆ ಕಬ್ಬಿಣದ ಸರಪಳಿ ತೂಗುಸಂಕ ಕಟ್ಟಿದ್ರಲ್ಲ, 260 ಅಡಿದು, ಅದೇ ಥರ ಮಾಡೋ ಹುಚ್ಚು ಹಿಡೀತು.

ಹಳೇ ಗೇಟಿನ ಸರಳು, ರಾಟ್ ಐರನ್ದು, ಅಂದ್ರೆ ಒಳಗೆ ಕಿಟ್ಟದ ಎಳೆ ಇರೋ ಹಳೇ ಕಾಲದ ಮೆದು ಕಬ್ಬಿಣ, ಗುಜರೀಲಿ 90 ಪೌಂಡ್ ಕೊಟ್ಟು ತಂದೆ. ಒಂದಕ್ಕೆ ಕಚ್ಚು ಹಾಕಿ ಬಗ್ಗಿಸಿ ನೋಡಿದೆ, ಹಸಿ ಕಟ್ಟಿಗೆ ಥರ ನಾರುನಾರಾಗಿ ಮುರೀತು, ಸರಿ ಇದು ಅಸಲಿ ಅಂದ್ಕೊಂಡೆ. ಆದ್ರೆ ತುದಿ ಮಡಚಿ ಕಣ್ಣು (ಜೋಡಿಸೋಕೆ ಬಳೆ) ಮಾಡೋವಾಗ ಎಂಎಸ್, ಅಂದ್ರೆ ಈಗಿನ ಮಾಮೂಲಿ ಮೈಲ್ಡ್ ಸ್ಟೀಲ್, ಅದರ ಅಭ್ಯಾಸದಲ್ಲಿ ಕೇಸರಿ ಬಣ್ಣಕ್ಕೆ ಕಾದಾಗಲೇ ಬಡಿದೆ ನೋಡಿ, ಬಿದಿರು ಸೀಳ್ದಂಗೆ ಸೀಳ್ಕೊಂಡು ಹೋಯ್ತು. ಹತ್ತೋ ಹನ್ನೊಂದೋ ಸರಳು ಹಾಳು. ಕಿಡಿ ಹಾರೋ ಹತ್ರ, ಬೆಳ್ಳಗೆ ಬೆವರೋ ಹದಕ್ಕೆ ಬರ್ಬೇಕು, ಆಗ ಒಳಗಿನ ಕಿಟ್ಟಾನೇ ಕರಗಿ ಬೆಸುಗೆಗೆ ದಾರಿ ಬಿಡುತ್ತೆ. ಬೆಸುಗೆಗೆ ಉದುರಿಸೋ ಬಿಳಿಗಾರದ ಜೊತೆ ನಾನು ಬೆರೆಸೋದು ಇನ್ನೊಂದಿದೆ, ಅದು ಮಾತ್ರ ಹೇಳಲ್ಲ.

ಮೊದ್ಲು 1817ರ ಪ್ಲಾನೇ ಹಾಕಿದೆ, ಕಂಬದ ತುದಿಯಿಂದ ಹಲಗೆಗೆ ನೇರ ಓರೆ ಸರಳುಗಳು. ನಡೆದ್ರೆ ಒಂದು ಬಿಗಿ, ಪಕ್ಕದ್ದು ಸಡ್ಲ, ಉದ್ದದ್ದು ಗಡಗಡ. ಡ್ರೈಬರಾದಲ್ಲೂ ಮೂರ್ನಾಲ್ಕು ಜನ ತಮಾಷೆಗೆ ತೂಗಾಡಿಸಿ ಒಂದು ಉದ್ದದ ಸರಪಳಿ ಮೇಲ್ಗಡೆ ತುದಿ ಹತ್ರಾನೇ ತುಂಡಾಗಿತ್ತು. ನನ್ನ ಮಗ ಅವನ ಫ್ರೆಂಡ್ಸ್ ಸೇರಿ ಕುಣಿದ್ರು, ನಂದೂ ಅಲ್ಲೇ, ಕಣ್ಣಿನ ಕತ್ತಲ್ಲೇ ಕಟ್! ಹಳ್ಳದಲ್ಲಿ ಮೊಣಕಾಲು ನೀರು, ಬಚಾವ್. ಹೆಂಡ್ತಿ ಎರಡು ದಿನ ಮಾತಾಡ್ಲಿಲ್ಲ.

ಡ್ರೈಬರಾದ್ದು 1818 ಜನವರಿ ಬಿರುಗಾಳಿಗೆ ಪೂರ್ತಿ ಹೋಯ್ತು, ಆಮೇಲೆ ಜೋತುಬಿದ್ದ ಸರಪಳಿಯಿಂದ ಹಲಗೆ ತೂಗುಹಾಕಿ ಮತ್ತೆ ಕಟ್ಟಿದ್ರು. ನಾನೂ ಹಂಗೇ ಬದಲಾಯಿಸ್ದೆ, ಸರಪಳಿ ನಡುವೆ ಕೆಳಗೆ ಜೋಲೋದು ಸುಮಾರು 2 ಅಡಿ, ಕಂಬದ ಹಿಂದೆ ಸರಪಳಿ ಎಳೆದು ಒಂದಾಳುದ್ದ ಗುಂಡಿ ತೋಡಿ ಕಲ್ಲಿಗೆ ಬಿಗಿದೆ. ಗುಂಡಿಗೇ ಎರಡು ವೀಕೆಂಡ್ ಹೋಯ್ತು. ಕೈಹಿಡಿಯ ಅಡ್ಡಪಟ್ಟಿ ಗಟ್ಟಿ ಮಾಡಿದ್ಮೇಲೆ ಕುಲುಕಾಟ ಅರ್ಧ ಇಳೀತು.

ಮಧ್ಯೆ ಇನ್ನೊಂದು ಚಟ. ಇದೇ ಸೀಮೆಯ ಗ್ಯಾಲಾಶೀಲ್ಸ್ ಊರಲ್ಲಿ 1816ರಲ್ಲಿ ಉಣ್ಣೆ ಮಿಲ್ಲಿನ ರಿಚರ್ಡ್ ಲೀಸ್ 111 ಅಡಿ ತಂತಿ ಸಂಕಾನ ಬರೀ 40 ಪೌಂಡಲ್ಲಿ ಮುಗಿಸಿದ್ನಂತೆ, ಅದ್ಕೇ ಕೋಳಿಗೂಡಿನ ಕಡೆ ತೆಳು ತಂತೀಲಿ ಒಂದು ಪುಟಾಣಿ ಸಂಕ ಕಟ್ಟಿದೆ, ಕೋಳಿ ಹತ್ತಲ್ಲ, ಬೆಕ್ಕು ಹತ್ತುತ್ತೆ.

ನಂಗೆ ಒಟ್ಟು ಖರ್ಚು 340 ಪೌಂಡ್ ಹತ್ರ, ಕಲ್ಲಿದ್ದಲು ಬಿಟ್ಟು. ಮೊನ್ನೆ ಸಂಕದ ನಟ್ಟನಡುವೆ ಆರು ಜನ ನಿಂತು ಕೊಪ್ಪಕ್ಕೆ ಕಾಲ್ ಮಾಡಿದ್ವಿ. "ಕಣ್ಣಿಗೆ ಹಾಕಿದ ಪಿನ್ನಿನ ಸೈಜ್ ಎಷ್ಟೋ" ಅಂದ ದೋಸ್ತ, ಅಷ್ಟೇ.